ಎರಡು ಶಾಲೆಯ ಹುಡುಗಿ

ನಾನು ಕಲಿಸುತ್ತಿದ್ದ ಕನ್ನಡ ಶಾಲೆ ಪುಣೆಯ ಧನಕವಡಿಯ ನಮ್ಮ ಮನೆಯಿಂದ ಒಂದೇ ಬಸ್ಸಿನ ದಾರಿ. ಕೆಳಗೆ ಮರಾಠಿ ವರ್ಗಗಳು, ಮೇಲಿನ ಮಹಡಿಯಲ್ಲಿ ನಮ್ಮವು. ಎರಡನ್ನೂ ನಡೆಸುವುದು ಒಂದೇ ಮಂಡಳಿ. ವಿಜಯಪುರ, ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದು ಅಂಗಡಿ ಹಾಕಿದವರು ತಮ್ಮ ಮಕ್ಕಳಿಗೆ ಕನ್ನಡ ಇರಲಿ ಎಂದು ಹಿಂದೆ ಕಟ್ಟಿದ್ದು. ಅವರ ಮೊಮ್ಮಕ್ಕಳೆಲ್ಲ ಈಗ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಹತ್ತುತ್ತಾರೆ. ನವೆಂಬರ್ ಒಂದನೇ ತಾರೀಖು ಮಾತ್ರ ಹೆಗಲಿಗೆ ಶಲ್ಯ ಹಾಕಿಕೊಂಡು ಬಂದು, ಕನ್ನಡ ಉಳಿಯಬೇಕು ಎಂದು ಭಾಷಣ ಮಾಡಿ, ಶಿರಾ ಉಪ್ಪಿಟ್ಟು ತಿಂದು ಹೋಗುತ್ತಾರೆ. ನಮ್ಮ ಮಹಡಿಗೆ ಮಕ್ಕಳು ಬರುತ್ತಿದ್ದದ್ದು ಕಟ್ಟಡ ಕೆಲಸದವರ ಶೆಡ್ಡುಗಳಿಂದ. ಯಾದಗಿರಿ, ಕಲಬುರಗಿ ಕಡೆಯ ಜನ. ಒಂದು ಕಟ್ಟಡ ಎದ್ದು ನಿಲ್ಲುವ ತನಕ ಇಲ್ಲಿರುತ್ತಾರೆ, ಆಮೇಲೆ ಮುಂದಿನ ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿಗೆ ಹೋಗುತ್ತಾರೆ.

ಆ ವರ್ಷ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರೂ ಸತ್ತಿರಲಿಲ್ಲ, ಮೈಗೆ ಕಾಯಿಲೆಯೂ ಇರಲಿಲ್ಲ. ಖಡಕಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದ ನಮ್ಮ ಮನೆಯವರು ಒಂದು ಮಧ್ಯಾಹ್ನ, "ಇವತ್ತ ಸಾರಿಗೆ ಉಪ್ಪಽ ಹಾಕಿಲ್ಲಲ್ಲ" ಎಂದರು. ಅಷ್ಟು ಹೊತ್ತಿಗೆ ನಾನು ಅದೇ ಸಾರಿನಲ್ಲಿ ಊಟ ಮುಗಿಸಿ ಕೈ ತೊಳೆಯಲು ಎದ್ದಿದ್ದೆ. ಡಾಕ್ಟರು ಶಕ್ತಿಗೆಂದು ಗುಳಿಗೆ ಬರೆದುಕೊಟ್ಟರು. ನುಂಗಿದೆ. ಪ್ರತಿ ಜೂನ್‌ನಲ್ಲೂ ವರ್ಗದಲ್ಲಿ ಒಂದೊಂದು ಬೆಂಚು ಹೆಚ್ಚಾಗಿ ಖಾಲಿ ಬೀಳುವುದನ್ನು ನೋಡಿ ನೋಡಿ ಹೀಗಾಗಿರಬೇಕು ಎಂದು ಈಗ ಅನಿಸುತ್ತದೆ. ಆಗ ಹಾಗೂ ಅನಿಸಿರಲಿಲ್ಲ.

ಕೈ ಮಾತ್ರ ಕೆಲಸ ಮಾಡುತ್ತಿತ್ತು. ನನಗೆ ಚಿತ್ರ ಬರೆಯಲು ಬರುತ್ತದೆ. ನಮ್ಮ ಮಕ್ಕಳಿಗೆ ಪಠ್ಯಪುಸ್ತಕ ಸರಕಾರದಿಂದ ಸಿಗುತ್ತದೆ, ಗೋಡೆಗೆ ಹಚ್ಚುವ ಕನ್ನಡ ಅಕ್ಷರಮಾಲೆಯ ತಕ್ತೆಗಳು ಪುಣೆಯ ಪೇಟೆಯಲ್ಲಿ ಸಿಗುವುದಿಲ್ಲ. ಬೆಂಗಳೂರಿನಿಂದ ತರಿಸಿದವುಗಳಲ್ಲಿ ಈಳಿಗೆ, ಊದುಬತ್ತಿ, ಓಲೆಗರಿ. ನನ್ನ ವರ್ಗದ ಮಕ್ಕಳು ಅವನ್ನೆಲ್ಲ ಕಣ್ಣು ಪಿಳಿಪಿಳಿ ಬಿಟ್ಟು ನೋಡುತ್ತಿದ್ದರು. ಅದಕ್ಕೇ ನಾನೇ ಕಾರ್ಡು ಮಾಡಿದೆ. ಕಬ್ಬಿಣದ ಸರಳು, ಕ್ರೇನು, ಜಲ್ಲಿ, ನೀರಿನ ಟ್ಯಾಂಕರ್, ಪತ್ರಾ. ಪತ್ರಾ ಎಂದರೆ ಅವರು ಮಲಗುವ ಶೆಡ್ಡಿನ ತಗಡು. ಆ ಕಾರ್ಡು ಎತ್ತಿ ಹಿಡಿದ ಕೂಡಲೇ ಇಡೀ ವರ್ಗ ಒಂದೇ ದನಿಯಲ್ಲಿ ಕೂಗುತ್ತಿತ್ತು.

ಈ ಕಾರ್ಡುಗಳ ಫೋಟೋ ತೆಗೆದು ಶಿಕ್ಷಕರ ಗ್ರೂಪಿಗೆ ಹಾಕುವುದು ನನ್ನ ರೂಢಿ. ಮೊಬೈಲಿನ ಗ್ರೂಪು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಯವರಿದ್ದರು. ಗಡಿಯ ಆಚೆಯಿಂದ ಕರ್ನಾಟಕದವರೂ ಬಂದು ಸೇರಿ ಅದೊಂದು ಜಾತ್ರೆಯಾಗಿತ್ತು. ಬೆಳಗಾದರೆ ಗುಲಾಬಿ ಹೂವಿನ ಶುಭೋದಯಗಳ ರಾಶಿ. ಅದನ್ನೆಲ್ಲ ಸರಿಸಿದರೆ ಕೆಳಗೆಲ್ಲೋ ಒಂದು ಒಳ್ಳೆಯ ಅಭ್ಯಾಸ ಹಾಳೆ. ಇನ್ನೊಬ್ಬರು ಮಾಡಿದ್ದನ್ನು ಇಳಿಸಿಕೊಂಡು, ಮೂಲೆಯಲ್ಲಿ ತಮ್ಮ ಹೆಸರು ಹಾಕಿ, ಅದೇ ಗ್ರೂಪಿಗೆ ವಾಪಸ್ಸು ಕಳಿಸುವ ಮಹಾನುಭಾವರೂ ಇದ್ದರು. ನನ್ನ ಟ್ಯಾಂಕರ್ ನನಗೇ ನಾಲ್ಕಾರು ಹೆಸರುಗಳಲ್ಲಿ ತಿರುಗಿ ಬಂದಿದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆ ವರ್ಷ ಅದೂ ಬರಲಿಲ್ಲ. ಗ್ರೂಪಿನಲ್ಲಿ ಒಂದು ಕಟ್ಟುನಿಟ್ಟಿತ್ತು, ಅದನ್ನು ಮಾತ್ರ ಎಲ್ಲರೂ ಪಾಲಿಸುತ್ತಿದ್ದರು: ಮಕ್ಕಳ ಮುಖ ತೋರಿಸಬಾರದು. ವಿಡಿಯೋ ಹಾಕಿದರೆ ಅದರಲ್ಲಿ ಬರೀ ಕೈಗಳು.

ಆ ಜೂನ್‌ನಲ್ಲಿ ಹೊಸದಾಗಿ ಬಂದವರು ಮೂವರೇ. ಒಂದು ಹುಡುಗಿ, ಅವಳ ಬೆನ್ನಿಗೆ ಇಬ್ಬರು ತಮ್ಮಂದಿರು. ಹುಡುಗಿಯನ್ನು ಮೂರನೇ ವರ್ಗಕ್ಕೆ, ತಮ್ಮಂದಿರನ್ನು ಎರಡನೆಯದಕ್ಕೆ ಕೂಡಿಸಿದೆವು. ತೆಳ್ಳಗಿನ, ಗಂಭೀರ ಮುಖದ ಹುಡುಗಿ. ತಮ್ಮಂದಿರ ಮೂಗು ಒರೆಸುವುದು, ಅವರ ಡಬ್ಬಿಯ ಮುಚ್ಚಳ ತೆಗೆದುಕೊಡುವುದು ಎಲ್ಲ ಇವಳದೇ. ಅವಳ ತಾಯಿ ಬಂದ ದಿನ ಸಿಮೆಂಟಿನ ಧೂಳು ಹತ್ತಿದ ಸೆರಗನ್ನು ತಲೆ ತುಂಬ ಹೊದ್ದು ಬಾಗಿಲಲ್ಲೇ ನಿಂತಿದ್ದಳು.

"ಟೀಸಿ ಊರಾಗೇ ಅದ ಯಕ್ಕೋರೆ. ದಸರಾಕ್ಕ ಹೋದಾಗ ತರ್ತೀವಿ. ಅಲ್ಲೀತನ ಕುಂದ್ರಸ್ಕೋರಿ" ಎಂದಳು.

ಕೂಡಿಸಿಕೊಂಡೆವು. ಹಾಗೆ ಕೂಡಿಸಿಕೊಳ್ಳುವುದು ನಮ್ಮಲ್ಲಿ ಹೊಸದಲ್ಲ.

ಜುಲೈಯಲ್ಲಿ ಮಂಡಳಿಯ ಕಾರ್ಯದರ್ಶಿಗಳು ನನ್ನನ್ನು ಕೆಳಗೆ ಕರೆಸಿದರು. ಬಟ್ಟೆ ಅಂಗಡಿಯವರು, ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳುವ ಮುಂಚೆ ಚಹಾ ತರಿಸುತ್ತಾರೆ.

"ಗಣಪತಿ ಸೂಟಿ ಮುಗದ ಮ್ಯಾಲ ಆನ್‌ಲೈನ್ ಲೆಕ್ಕ ಹಿಡೀತಾರ ಬಾಯಾರ" ಎಂದರು. "ಮಕ್ಕಳು ಬೇಕಾದಷ್ಟು ಇಲ್ಲಂದ್ರ ಕನ್ನಡ ವರ್ಗ ಬಂದ್ ಮಾಡೂದಽ. ಉಳದ ಮಕ್ಕಳನ್ನ ಕೆಳಗ ಮರಾಠಿಗೆ ಕೂಡಸೂದು. ನನ್ನ ಕೈಯಾಗ ಏನೂ ಇಲ್ಲ ನೋಡ್ರಿ."

ನಾನು ಹಾಜರಿಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಈ ಮೂವರು ಸೇರಿದರೆ ವರ್ಗ ಉಳಿಯುತ್ತದೆ, ಸೇರದಿದ್ದರೆ ಹೋಗುತ್ತದೆ. ಅಷ್ಟು ಸರಳ. ಆದರೆ ಕಚೇರಿಯ ಗುಮಾಸ್ತರು ಆ ಮೂವರ ಹೆಸರನ್ನು ಕಂಪ್ಯೂಟರಿನಲ್ಲಿ ಎಷ್ಟು ಸಲ ಒತ್ತಿದರೂ ಅದು ಏರುತ್ತಿರಲಿಲ್ಲ. ಈಗ ದೇಶಕ್ಕೆಲ್ಲ ಒಂದೇ ಜಾಲ. ಒಂದು ಮಗುವಿಗೆ ಒಂದೇ ನಂಬರು, ಒಂದೇ ಶಾಲೆ. ಊರಿನ ಶಾಲೆಯವರು ತಮ್ಮ ಕಡೆಯಿಂದ ಬಿಟ್ಟುಕೊಟ್ಟರೆ ಮಾತ್ರ ಇಲ್ಲಿ ಏರುತ್ತದೆ. ಹುಡುಗಿ ನನ್ನೆದುರು ಬೆಂಚಿನ ಮೇಲೆ ಕೂತಿದ್ದಳು. ಜಾಲದ ಪ್ರಕಾರ ಅವಳು ಯಾದಗಿರಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಕೂತಿದ್ದಳು. ಆ ಶಾಲೆಯ ಫೋನ್ ನಂಬರು ಯಾರಿಗೂ ಗೊತ್ತಿರಲಿಲ್ಲ. ಅವಳ ಅಪ್ಪನನ್ನು ಕೇಳಿದರೆ, "ಮಾಸ್ತರು ಭಾಳ ಛಲೋ ಅದಾರ್ರೀ" ಎನ್ನುತ್ತಿದ್ದ. ನಂಬರು ಕೇಳಿದರೆ ಅದೇ ಉತ್ತರ.

ಆಗಸ್ಟಿನ ಒಂದು ದಿನ ಗಣಿತದ ಪಾಠ ನಡೆದಿತ್ತು. ಮಕ್ಕಳಿಗೆ ಒಂದೊಂದು ಹಿಡಿ ಹುಣಸೆ ಬೀಜ ಕೊಟ್ಟು ಎಣಿಸಲು ಹೇಳಿದ್ದೆ. ಎಲ್ಲರೂ ನೆಲದ ಮೇಲೆ ಹತ್ತತ್ತರ ಗುಂಪು ಮಾಡುತ್ತಿದ್ದರು, ಒಬ್ಬರ ಗುಂಪನ್ನು ಇನ್ನೊಬ್ಬರು ತುಳಿಯುತ್ತಿದ್ದರು, ಜಗಳವಾಗುತ್ತಿತ್ತು. ಈ ಹುಡುಗಿ ಗುಂಪು ಮಾಡಲಿಲ್ಲ. ಬಲಗೈಯಿಂದ ಬೀಜ ಸರಿಸುತ್ತ ಹೋದಳು. ಹತ್ತಾದ ಕೂಡಲೇ ಒಂದು ಬೀಜವನ್ನು ಎಡಗೈಯ ಹೆಬ್ಬೆರಳು ತೋರುಬೆರಳುಗಳ ಸಂದಿಯಲ್ಲಿ ಸಿಕ್ಕಿಸಿದಳು. ಇಪ್ಪತ್ತಕ್ಕೆ ಮುಂದಿನ ಸಂದಿ. ಮೂವತ್ತು, ನಲವತ್ತು. ನಾಲ್ಕೂ ಸಂದಿ ತುಂಬಿದ ಕೈಯನ್ನು ಮೇಲೆತ್ತಿ ಹಿಡಿದು ಮುಂದೆ ಎಣಿಸಿದಳು. ಐವತ್ತಾದಾಗ ಕೈಯನ್ನು ಒಮ್ಮೆ ಝಾಡಿಸಿ ಬೀಜಗಳನ್ನೆಲ್ಲ ಉಡಿಯಲ್ಲಿ ಉದುರಿಸಿಕೊಂಡು ಮತ್ತೆ ಶುರು ಮಾಡಿದಳು. ಯಾರು ಬಂದು ತುಳಿದರೂ ಅವಳ ಲೆಕ್ಕ ತಪ್ಪುವಂತಿರಲಿಲ್ಲ.

ಎಷ್ಟೋ ವರ್ಷದಿಂದ ಗಣಿತ ಕಲಿಸಿದ್ದೇನೆ, ಇದನ್ನು ಕಂಡಿರಲಿಲ್ಲ. ಅವಳ ಕೈಯಷ್ಟೇ ಬರುವಂತೆ ವಿಡಿಯೋ ಮಾಡಿ, "ನಮ್ಮ ವರ್ಗದ ಮಗುವಿನ ಸಂದಿ ಲೆಕ್ಕ" ಎಂದು ಬರೆದು ಗ್ರೂಪಿಗೆ ಹಾಕಿದೆ. ಶುಭೋದಯದ ಗುಲಾಬಿಗಳು ಎರಡು ದಿನ ಹಿಂದೆ ಬಿದ್ದವು. ಜತ್ತದವರೊಬ್ಬರು ತಮ್ಮ ಮಕ್ಕಳಿಂದ ಮಾಡಿಸಿ ಹಾಕಿದರು, ಅಕ್ಕಲಕೋಟೆಯವರು ಶೇಂಗಾದಲ್ಲಿ ಮಾಡಿಸಿದರು. ಎಲ್ಲ ಕಡೆ ಸಣ್ಣ ಸಣ್ಣ ಕೈಗಳು. ನೋಡಿದೆ, ಫೋನು ಕೆಳಗೆ ಇಟ್ಟೆ. ಹಿಂದಾಗಿದ್ದರೆ ಮನೆಯವರಿಗೆ ತೋರಿಸಿ ತಲೆ ತಿನ್ನುತ್ತಿದ್ದೆ.

ಮೂರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಮೇಡಂ, ನಮಸ್ಕಾರ್ರೀ. ಯಾದಗಿರಿ ಕಡಿಂದ ಮಾತಾಡ್ಲಕತ್ತೀನಿ. ನಾನೂ ಗ್ರೂಪಿನ್ಯಾಗ ಅದೀನಿ. ಆ ಸಂದಿ ಲೆಕ್ಕ ನೀವೇ ಹಾಕೀರಲ್ರೀ?"

"ಹೌದ್ರಿ. ಯಾಕ್ರಿ?"

"ಅದು ನಾ ಕಲಿಸಿದ್ದರೀ."

ಬಂದರಪ್ಪ ಹಕ್ಕುದಾರರು, ಎಂದುಕೊಂಡೆ. ನನ್ನ ಹೆಸರು ಹಾಕಿ, ಇಲ್ಲದಿದ್ದರೆ ತೆಗೆದುಬಿಡಿ ಎನ್ನುವ ಇಂಥ ಫೋನುಗಳು ಗ್ರೂಪಿನಲ್ಲಿ ಎಲ್ಲರಿಗೂ ಬರುತ್ತಿದ್ದವು. "ನಿಮ್ಮ ಹೆಸರ ಬೇಕಾದ್ರ ಹಾಕ್ತೀನಿ ಬಿಡ್ರಿ ಸರ್, ನನಗೇನ್ ಆಗಬೇಕಾಗೇದ" ಎಂದೆ, ಬೇಕಂತಲೇ ಒರಟಾಗಿ.

"ಅಯ್ಯ, ಹೆಸರ ತಗೊಂಡು ಏನ್ ಮಾಡ್ಲಿರೀ? ಲೆಕ್ಕ ಯಾರ್ದರೆ ಇರ್ಲಿ. ಅದನ್ನ ನಮ್ಮ ಸಾಲಿ ಬಿಟ್ರ ಎಲ್ಲೂ ಕಲಸಂಗಿಲ್ಲ. ಬೀಜ ಕೆಳಗ ಇಟ್ರ ಕೋಳಿ ಬಂದು ತಿಂತಾವ ಅಂತ ಬೆರಳ ಸಂದ್ಯಾಗ ಇಡಸಿದ್ದೆ. ಆ ಹುಡುಗಿ ನಮ್ಮಾಕಿ ಅದಾಳ್ರೀ. ಎಲ್ಲಿ ಅದಾಳ? ತಮ್ಮಗೋಳು ಕೂಡೇ ಅದಾರೇನು? ಎಲ್ಲಾರೂ ಆರಾಮ ಅದಾರ?"

ನಾನು ಮೆಟ್ಟಿಲ ಮೇಲೆ ಕುಳಿತೆ. ಫೋನು ಸರಿಯಾಗಿ ಕೇಳಿಸಲೆಂದು.

ಅವರು ಆ ಹಳ್ಳಿಯ ಶಾಲೆಯ ಒಬ್ಬರೇ ಮಾಸ್ತರು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಪುಣೆಗೆ ಹೋದವರು ಮಳೆ ಬಿದ್ದ ಕೂಡಲೇ ಹೊಲಕ್ಕೆಂದು ತಿರುಗಿ ಬರುತ್ತಿದ್ದರಂತೆ. ಈ ಸಲ ಈ ಕುಟುಂಬ ಬರಲಿಲ್ಲ. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಮೂವರ ಹೆಸರನ್ನು ಹಾಗೇ ಇಟ್ಟುಕೊಂಡಿದ್ದರು. ಗ್ರೂಪಿನಲ್ಲಿ ಅವರು ಒಮ್ಮೆಯೂ ಏನನ್ನೂ ಹಾಕಿದವರಲ್ಲ, ಸುಮ್ಮನೆ ನೋಡಿ ತೆಗೆದುಕೊಳ್ಳುವವರು. ನನ್ನ ಕಾರ್ಡುಗಳೆಲ್ಲ ಅವರ ಶಾಲೆಯ ಗೋಡೆಯ ಮೇಲಿದ್ದವು.

"ಇಲ್ಲಿ ಹುಡುಗೂರು ಕ್ರೇನ್ ಎಲ್ಲಿ ನೋಡ್ಯಾರ್ರೀ? ಅವ್ವ ಅಪ್ಪ ಪುಣಾದಾಗ ಇರ್ತಾರ, ಇವು ಮುದುಕರ ಬಲ್ಲಿ ಇರ್ತಾವ. ನಿಮ್ಮ ಕಾರ್ಡ್ ತೋರಿಸಿ, ನೋಡ್ರಪಾ, ನಿಮ್ಮ ಅವ್ವ ಇಲ್ಲಿ ಕೆಲಸ ಮಾಡ್ತಾಳ, ಇಂಥಾ ಪತ್ರಾದ ಮನ್ಯಾಗ ಇರ್ತಾಳ ಅಂತ ಹೇಳ್ತೀನ್ರೀ. ಪತ್ರಾದ ಕಾರ್ಡ್ ಮುಟ್ಟಿ ಮುಟ್ಟಿ ಮಸಿ ಮಾಡ್ಯಾವ."

ನಾನು ಆ ಕಾರ್ಡು ಬರೆದದ್ದು ಇಲ್ಲಿನ ಮಕ್ಕಳಿಗೆ ಅಕ್ಷರ ಗುರುತಾಗಲೆಂದು. ಅಲ್ಲಿ ಮಕ್ಕಳು ಅದನ್ನು ತಾಯಿಯ ಮನೆ ಎಂದು ಮುಟ್ಟುತ್ತಿದ್ದರು. ಇಂಥದ್ದು ಕೇಳಿದಾಗ ಯಾರಿಗಾದರೂ ಕಣ್ಣು ತುಂಬಬೇಕು. ನನಗೆ ತುಂಬಲಿಲ್ಲ. ನನ್ನ ತಲೆಯಲ್ಲಿ ಗಣಪತಿ ರಜೆಯ ಆಚೆಯ ಲೆಕ್ಕ ಕೂತಿತ್ತು. ಹಾಗಾಗಿ ನೇರ ಕೇಳಿಬಿಟ್ಟೆ: ನೀವು ಆ ಮೂರು ಹೆಸರು ಬಿಟ್ಟುಕೊಡಬೇಕು, ಇಲ್ಲದಿದ್ದರೆ ನಮ್ಮ ಕನ್ನಡ ವರ್ಗ ಮುಚ್ಚುತ್ತದೆ.

ಆ ಕಡೆ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು.

"ನಮ್ಮದೂ ಹಂಗೇ ನಡದದ್ರೀ ಮೇಡಂ" ಎಂದರು. "ಈ ಮೂರು ಹೆಸರು ಕಡಿಮಿ ಆದ್ರ ನಮ್ಮ ಸಾಲೀನ ಹಳ್ಳದ ಆಚಿ ಊರಿನ ಸಾಲಿಗಿ ಕೂಡಸ್ತಾರ. ನಾಳಿಗಿ ಹೇಳ್ತೀನ್ರೀ."

ನಾನು ಹ್ಞೂಂ ಎಂದೆ. ಪಾಠಗಳನ್ನಾದರೆ ಇಬ್ಬರೂ ಇಟ್ಟುಕೊಳ್ಳಬಹುದು. ನನ್ನ ಕಾರ್ಡು ಅವರ ಗೋಡೆಯ ಮೇಲಿದ್ದರೂ ನನ್ನ ಹತ್ತಿರ ಕಡಿಮೆಯಾಗುವುದಿಲ್ಲ, ಅವರ ಸಂದಿ ಲೆಕ್ಕ ಜತ್ತಕ್ಕೆ ಹೋದರೂ ಅವರಲ್ಲಿ ಹಾಗೇ ಇರುತ್ತದೆ. ಮಗು ಹಾಗಲ್ಲ.

ಮಾರನೆಯ ದಿನ ಬೆಳಗ್ಗೆ ಪ್ರಾರ್ಥನೆಗೆ ಮುಂಚೆಯೇ ಅವರ ಫೋನು.

"ಬಿಟ್ಟೀನ್ರೀ. ನೋಡ್ಕೋರಿ. ಅಲ್ಲಿ ಹುಡುಗಿ ಕುಂತು ಕಲೀಲಕತ್ತಾಳ, ಇಲ್ಲಿ ಬರೇ ಹೆಸರು ಕುಂತದ. ಹೆಸರ ಹುಡುಗಿ ಬಲ್ಲಿ ಕಳಸೂದೇ ಛಲೋ."

ನಾನು ಉಪಕಾರವಾಯಿತು ಎಂದೆ. ಮಾತಿನಲ್ಲಿ ಉಪಕಾರವಿತ್ತು, ಒಳಗೆ ಬರೀ ಕೆಲಸ ಮುಗಿದ ನಿರಾಳ. ಟೀಸಿಯನ್ನೂ ಅವರು ಅಂಚೆಗೆ ಹಾಕಿದ್ದರು. ಬಂದ ಕೂಡಲೇ ಹುಡುಗಿಯ ತಾಯಿಯನ್ನು ಕರೆಸಿ ತೋರಿಸಿದೆ. ಇಲ್ಲಿ ಹೆಸರು ಏರಿಸಲು ಅಪ್ಪನ ಸಹಿ ಬೇಕಿತ್ತು, ಕಾಗದ ಒಯ್ದು ಸಹಿ ಮಾಡಿಸಿ ತಾ ಎಂದು ಟೀಸಿಯ ಸಮೇತ ಅವಳ ಕೈಗೇ ಕೊಟ್ಟೆ. ನಾಳೆ ತರುತ್ತೇನೆ ಎಂದಳು. ಮರುದಿನವೇ ಗಣಪತಿ ರಜೆ ಶುರುವಾಯಿತು.

ರಜೆ ಮುಗಿದು ಮಕ್ಕಳು ಬಂದರು. ಆ ಮೂವರು ಬರಲಿಲ್ಲ. ಒಂದು ದಿನ ಬಿಟ್ಟು ಶೆಡ್ಡಿಗೇ ಹೋದೆ. ಕಟ್ಟಡಕ್ಕೆ ಬಣ್ಣ ಬಳಿದಾಗಿತ್ತು, ಶೆಡ್ಡುಗಳನ್ನು ಬಿಚ್ಚಿ ಪತ್ರಾಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಕಾವಲಿನವನು, "ಸಗಳೇ ನಿಗಡೀಲಾ ಗೇಲೇ" ಎಂದ. ಎಲ್ಲರೂ ನಿಗಡಿಗೆ ಹೋಗಿದ್ದರು, ಊರಿನ ಆ ತುದಿಗೆ. ಅಲ್ಲಿಂದಲೇ ಹುಡುಗಿಯ ಅಪ್ಪನ ಫೋನಿಗೆ ಹಚ್ಚಿದೆ. ತಾಯಿ ಎತ್ತಿದಳು.

"ದೂರ ಆಗ್ತದ ಯಕ್ಕೋರೆ, ನಾವೇನ್ ಮಾಡಮು ಹೇಳ್ರಿ? ಇಲ್ಲೇ ಮಗ್ಗಲ್ದಾಗ ಮರಾಠಿ ಸಾಲಿ ಅದ. ಟೀಸಿ ಹ್ಯಾಂಗೂ ಬಂದದ, ಇಲ್ಲೇ ಹಾಕ್ತೀವಿ. ಇನ್ನ ಊರಿಗಿ ಹೋಗಂಗಿಲ್ಲ ನಾವು, ಇಲ್ಲೇ ಇರೋರು. ಮರಾಠೀನೇ ಬರ್ಲಿ ಬಿಡ್ರಿ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಿಗಡಿಯಿಂದ ನಮ್ಮ ಶಾಲೆಗೆ ಮೂರು ಮಕ್ಕಳನ್ನು ಎರಡು ಬಸ್ಸು ಬದಲಿಸಿ ಯಾರು ಕಳಿಸುತ್ತಾರೆ? ನಾನೇ ಆದರೂ ಕಳಿಸುತ್ತಿರಲಿಲ್ಲ. ಆಯಿತವ್ವಾ ಎಂದು ಫೋನಿಟ್ಟೆ.

ಲೆಕ್ಕ ಹಿಡಿದರು, ಸಾಲಲಿಲ್ಲ. ದೀಪಾವಳಿ ಆದ ಮೇಲೆ ನಮ್ಮ ಮಹಡಿಯ ಮಕ್ಕಳನ್ನು ಕೆಳಗಿನ ಮರಾಠಿ ವರ್ಗಗಳಲ್ಲಿ ಕೂಡಿಸಿದರು. ಅವರು ತಮ್ಮ ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು, ನಾಲ್ಕು ದಿನಕ್ಕೆ ಅಲ್ಲಿನ ಮಕ್ಕಳ ಜೊತೆ ಕಬಡ್ಡಿ ಆಡುತ್ತಿದ್ದರು. ಮಕ್ಕಳಿಗೇನು. ಕಾರ್ಯದರ್ಶಿಗಳು ಮತ್ತೆ ಚಹಾ ತರಿಸಿದರು.

"ನಿಮಗ ಏನೂ ತೊಂದರಿ ಮಾಡೂದಿಲ್ಲ ಬಾಯಾರ" ಎಂದರು. "ನಿವೃತ್ತಿ ತನಕಾ ಮ್ಯಾಲೆ ಕೂಡ್ರಿ. ಆ ಆನ್‌ಲೈನ್ ಚಿತ್ರ, ವಿಡಿಯೋ ಎಲ್ಲಾ ಮಾಡ್ತೀರಲ್ಲ, ಅದನ್ನಽ ಮಾಡ್ರಿ. ಮಂಡಳಿ ಹೆಸರ ಹಾಕ್ರಿ. ನಮಗೂ ಭಾಳ ಅಭಿಮಾನ ಅದ."

ಹೀಗೆ ನಾನು ಮಕ್ಕಳಿಲ್ಲದ ವರ್ಗದಲ್ಲಿ ಮಕ್ಕಳಿಗಾಗಿ ಪಾಠ ತಯಾರಿಸುವ ಟೀಚರಾದೆ. ಬೆಳಗ್ಗೆ ಬೀಗ ತೆಗೆಯುವುದು, ಫ್ಯಾನು ಹಾಕುವುದು, ಕಾರ್ಡು ಬರೆಯುವುದು, ಫೋಟೋ ಹಾಕುವುದು. ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ಬೀಳುತ್ತಿದ್ದವು. ನಿಮ್ಮ ವರ್ಗದ ಮಕ್ಕಳು ಪುಣ್ಯವಂತರು ಎಂದು ಒಬ್ಬರು ಬರೆದರು. ಅದಕ್ಕೂ ನಾನು ಒಂದು ಕೈಮುಗಿದ ಚಿತ್ರ ಹಾಕಿದೆ. ಹಸಿವೆಯಾಗುತ್ತಿತ್ತು, ಡಬ್ಬಿ ಉಣ್ಣುತ್ತಿದ್ದೆ. ನಿದ್ದೆಯೂ ಬರುತ್ತಿತ್ತು. ದುಃಖಪಡುವುದಕ್ಕೆ ಬೇಕಾದ ಯಾವುದೋ ಒಂದು ಮಾತ್ರ ಇರಲಿಲ್ಲ.

ಚಳಿ ಬಿದ್ದ ಮೇಲೆ ಒಂದು ಮಧ್ಯಾಹ್ನ ಯಾದಗಿರಿಯ ಮಾಸ್ತರರ ಫೋನು ಬಂತು. ಅವರ ಶಾಲೆಯನ್ನು ಹಳ್ಳದ ಆಚೆಯ ಶಾಲೆಗೆ ಸೇರಿಸಿಯಾಗಿತ್ತು. ಅದನ್ನು ಅವರು ಹವಾಮಾನದ ಸುದ್ದಿ ಹೇಳಿದಷ್ಟೇ ಸಲೀಸಾಗಿ ಹೇಳಿದರು. ಮಕ್ಕಳ ಜೊತೆ ತಾವೂ ಹಳ್ಳ ದಾಟಿ ಹೋಗಿ ಬರುತ್ತಿದ್ದರಂತೆ.

"ಇರ್ಲಿ ಬಿಡ್ರೀ. ನಿಮ್ಮ ಸಾಲಿ ಉಳೀತಲ್ಲ, ಅಷ್ಟು ಸಾಕು" ಎಂದರು.

ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಸುಳ್ಳಿಗೂ ಸ್ವಲ್ಪ ಹುರುಪು ಬೇಕು. "ಉಳೀಲಿಲ್ರಿ ಸರ್" ಎಂದೆ. ಎಲ್ಲ ಹೇಳಿದೆ. ರಜೆ, ಬಿಚ್ಚಿದ ಶೆಡ್ಡು, ನಿಗಡಿ, ಮರಾಠಿ ಶಾಲೆ. ಬೈದುಕೊಳ್ಳಲಿ ಎಂದು ಕಾದೆ. ನಿಮ್ಮ ಸಲುವಾಗಿ ನನ್ನ ಶಾಲೆ ಕಳೆದುಕೊಂಡೆ ಎನ್ನುವ ಹಕ್ಕು ಅವರಿಗಿತ್ತು.

"ಹಂಗೇನ್ರೀ" ಎಂದರು. ಆಮೇಲೆ ಕೇಳಿದರು, "ಹುಡುಗಿ ಈಗ ಸಾಲಿಗಿ ಹೊಂಟಾಳಲ್ರೀ?"

ನನಗೆ ಗೊತ್ತಿರಲಿಲ್ಲ. ಅವಳ ಹೆಸರು ನಮ್ಮಲ್ಲಿ ಏರುತ್ತದೋ ಇಲ್ಲವೋ ಎಂದು ದಿನಕ್ಕೆರಡು ಸಲ ಗುಮಾಸ್ತರನ್ನು ಕೇಳಿದ್ದವಳು ನಾನು. ಅದು ಏರುವುದಿಲ್ಲ ಎಂದು ಗೊತ್ತಾದ ದಿನದಿಂದ ಅವಳ ಬಗ್ಗೆ ಯಾರನ್ನೂ ಏನನ್ನೂ ಕೇಳಿರಲಿಲ್ಲ. "ನೋಡಿ ಹೇಳ್ತೀನ್ರಿ" ಎಂದೆ.

ಮರುದಿನ ವರ್ಗದ ಬೀಗ ತೆಗೆಯಲಿಲ್ಲ. ನಿಗಡಿಯ ಬಸ್ಸು ಹತ್ತಿದೆ. ಹುಡುಗಿಯ ಅಪ್ಪನಿಗೆ ಫೋನು ಹಚ್ಚಿ, ಕೇಳುತ್ತ ಕೇಳುತ್ತ ಹೋಗಿ ಕಟ್ಟಡ ಹುಡುಕಿದೆ. ಹೊಸ ಶೆಡ್ಡಿನ ಮುಂದೆ ಹುಡುಗಿ ಬಟ್ಟೆ ಹಿಂಡುತ್ತಿದ್ದಳು. ತಮ್ಮಂದಿರು ಮರಳಿನ ಗುಡ್ಡೆಯ ಮೇಲಿದ್ದರು. ಶಾಲೆಯ ಹೊತ್ತು ಅದು.

ತಾಯಿ ತಲೆಯ ಮೇಲಿನ ಸಿಂಬಿ ತೆಗೆದು ಓಡಿ ಬಂದಳು. "ಹೋಗಿದ್ದೆವಲ್ರೀ ಯಕ್ಕೋರೆ. ಜೂನ್‌ಕ್ಕ ಬರ್ರಿ ಅಂದ್ರು. ನಡಕ ತಗೋಳಂಗಿಲ್ಲಂತ."

ಊರಿನ ಶಾಲೆಯಿಂದ ಹೆಸರು ಬಿಟ್ಟಾಗಿತ್ತು. ನಮ್ಮಲ್ಲಿ ಏರಿರಲಿಲ್ಲ. ಇಲ್ಲಿ ತೆಗೆದುಕೊಂಡಿರಲಿಲ್ಲ. ಮಳೆಗಾಲದಲ್ಲಿ ಎರಡು ಶಾಲೆಗಳಿಗೆ ಬೇಕಾಗಿದ್ದ ಹುಡುಗಿ ಚಳಿಗಾಲಕ್ಕೆ ಯಾವ ಶಾಲೆಯಲ್ಲೂ ಇರಲಿಲ್ಲ. ನಾವಿಬ್ಬರು ಮಾಸ್ತರರು ಸೇರಿ ಅವಳ ಹೆಸರನ್ನು ಅಲ್ಲಿಂದ ಎತ್ತಿ ಇಲ್ಲಿಡುವಾಗ ನಡುದಾರಿಯಲ್ಲಿ ಬೀಳಿಸಿದ್ದೆವು. ಆಗ ನನಗೆ ಸಿಟ್ಟು ಬಂತು. ಕಿವಿ ಬಿಸಿಯಾಗುವಂಥ ಸಿಟ್ಟು. ಎಷ್ಟು ದಿನವಾಗಿತ್ತೋ ಅದು ಬಂದು. ಯಾರ ಮೇಲೆ ಎಂದು ಯೋಚಿಸಲು ಹೋಗಲಿಲ್ಲ. "ಮುಖಾ ತೊಳಕೋ, ಟೀಸಿ ತೊಗೊಂಡು ನಡಿ" ಎಂದೆ.

ಮೂವರನ್ನೂ ಕರೆದುಕೊಂಡು ಆ ಮರಾಠಿ ಶಾಲೆಗೆ ಹೋದೆ, ತಾಯಿಯೂ ಬಂದಳು. ಮುಖ್ಯಾಧ್ಯಾಪಿಕೆ ನನ್ನದೇ ವಯಸ್ಸಿನವರು, ನನ್ನಷ್ಟೇ ದಣಿದವರು. ಜೂನ್‌ನಲ್ಲಿ ಬನ್ನಿ ಎಂದು ನನಗೂ ಅಂದರು. ನನ್ನ ಮರಾಠಿ ಕವಿತೆಗೆ ಸಾಲದು, ಜಗಳಕ್ಕೆ ಬೇಕಾದಷ್ಟಿದೆ. ವರ್ಷದ ನಡುವೆ ಬಂದ ಮಗುವನ್ನು ಯಾವ ಶಾಲೆಯೂ ತಿರುಗಿಸಿ ಕಳಿಸುವಂತಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಕ್ಕಳಿಗೆ ಮರಾಠಿ ಓದಲು ಬರುವುದಿಲ್ಲ ಎಂದರು. ಕಲಿಸುವುದಕ್ಕೇ ಅಲ್ಲವೇ ನೀವು ಇರುವುದು ಎಂದೆ. ಬೇಕಾದರೆ ನಾನೇ ವಾರಕ್ಕೊಮ್ಮೆ ಬಂದು ಕೂರುತ್ತೇನೆ, ನನಗೆ ಬೇರೆ ಕೆಲಸವಿಲ್ಲ ಎಂದೆ. ಈ ಕೊನೆಯ ಮಾತು ಹೇಳುವಾಗ ದನಿ ಒಡೆಯಿತು. ಅವರು ಟೀಸಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಹೀ ತುಮಚಿ ಕೋಣ?" ಎಂದು ಕೇಳಿದರು. ಇವಳು ನಿಮಗೆ ಏನಾಗಬೇಕು?

"ಮಾಝ್ಯಾ ವರ್ಗಾತಲೀ" ಎಂದೆ. ನನ್ನ ವರ್ಗದವಳು.

ಅವರು ಗುಮಾಸ್ತರನ್ನು ಕರೆದರು. ಹುಡುಗಿಯ ನಂಬರು ಒತ್ತಿದರು. ಈ ಸಲ ಯಾವ ತಕರಾರೂ ಇಲ್ಲದೆ ಹೆಸರು ಏರಿತು, ಹಿಂದೆಯೇ ತಮ್ಮಂದಿರದೂ. ಹುಡುಗಿಯನ್ನು ಮೂರನೇ ವರ್ಗದ ಬಾಗಿಲ ತನಕ ನಾನೇ ಬಿಟ್ಟೆ. ಒಳಗೆ ಮಕ್ಕಳು ಗಟ್ಟಿಯಾಗಿ ಮರಾಠಿ ಪಾಠ ಓದುತ್ತಿದ್ದರು. ಅವಳು ನನ್ನ ಸೆರಗಿನ ಅಂಚು ಹಿಡಿದು ನಿಂತಳು.

"ಟೀಚರ್, ತಿಳೀಲಿಲ್ಲಂದ್ರ?"

"ತಿಳೀಲಿಲ್ಲಂದ್ರ ಕೈ ಎತ್ತಿ ಕೇಳು. ಅಂಜಬ್ಯಾಡ. ಬಾಯಾರು ಬೈಯೂದಿಲ್ಲ."

ಬೈಯುವುದಿಲ್ಲ ಎಂದು ನನಗೆ ಹೇಗೆ ಗೊತ್ತು? ಹೇಳಬೇಕಿತ್ತು, ಹೇಳಿದೆ. ಅವಳು ಸೆರಗು ಬಿಟ್ಟು ಒಳಗೆ ಹೋದಳು.

ಬಸ್ ಸ್ಟಾಪಿನಲ್ಲಿ ನಿಂತು ಮಾಸ್ತರರಿಗೆ ಫೋನು ಹಚ್ಚಿದೆ. ಹಳ್ಳ ದಾಟುತ್ತಿದ್ದರೋ ಏನೋ, ನೀರಿನ ಸಪ್ಪಳ, ಮಕ್ಕಳ ಕೂಗು ಕೇಳಿಸುತ್ತಿತ್ತು.

"ಹೆಸರ ಏರಿತ್ರಿ ಸರ್. ಮೂರೂ."

"ಯಾವ ವರ್ಗಕ್ಕ ಹಾಕೀರಿ ಆಕೀನ?"

"ಮೂರನೇದಕ್ಕ್ರಿ."

"ಮೂರು?" ಅವರ ದನಿ ಏರಿತು. "ಏ ಮೇಡಂ, ಏನ್ ಮಾಡೀರಿ! ನಾಕನೇದಕ್ಕ ಹಾಕಬೇಕಿತ್ರೀ. ಆಕಿ ಶ್ಯಾಣ್ಯಾಕಿ ಅದಾಳ. ಭಾಗಾಕಾರ ಆಗ್ಯಾದ ಆಕೀದು ನಮ್ಮಲ್ಲಿ."

"ಭಾಗಾಕಾರ ಬಂದ್ರ ಆತೇನ್ರಿ ಸರ್? ಮರಾಠಿ ಒಂದಕ್ಷರ ಬರೂದಿಲ್ಲ ಆಕೀಗೆ. ಮೂರಽ ಇರ್ಲಿ."

"ಎರಡ ತಿಂಗಳದಾಗ ಕಲೀತಾಳ್ರೀ. ನಿಮಗ ಗೊತ್ತಿಲ್ಲ ಆ ಹುಡುಗಿ."

"ನನಗ ಗೊತ್ತಿಲ್ಲಾ? ನನ್ನ ವರ್ಗದಾಗ ಕುಂತಾಕಿ ಆಕಿ."

"ನನ್ನ ವರ್ಗದಾಗ ಎರಡು ವರ್ಷ ಕುಂತಾಳ್ರೀ!"

ಅವರ ಊರಲ್ಲಿ ಶಾಲೆ ಇರಲಿಲ್ಲ, ನನ್ನ ಹತ್ತಿರ ಮಕ್ಕಳಿರಲಿಲ್ಲ. ಹುಡುಗಿ ಇಬ್ಬರಿಗೂ ಸಂಬಂಧವಿಲ್ಲದ ಬೆಂಚಿನ ಮೇಲೆ ಕೂತಿದ್ದಳು. ನಾವು ಅವಳು ಮೂರನೆಯದೋ ನಾಲ್ಕನೆಯದೋ ಎಂದು ಹಟ ಹಿಡಿದು ಜಗಳವಾಡಿದೆವು. ನಡುವೆ ಯಾವಾಗಲೋ ನನಗೆ ಅಳು ಬಂತು, ಮಾತು ನಿಂತಿತು. ಧನಕವಡಿ ಕಡೆಗೆ ಹೋಗುವ ಬಸ್ಸು ಬಂದು ನಿಂತು ಹೋಯಿತು, ನಾನು ಹತ್ತಲಿಲ್ಲ.

"ಅಳಬ್ಯಾಡ್ರೀ ಮೇಡಂ" ಎಂದರು ಅವರು ಸ್ವಲ್ಪ ಹೊತ್ತಿನ ಮೇಲೆ. "ಆತು, ಮೂರೇ ಇರ್ಲಿ."